ಪಡೀಲಿನಲ್ಲಿ ಇಲ್ಲದ ವನಜಕ್ಕ

ಮಂಗಳೂರಿನಲ್ಲಿ ಇಲ್ಲದ ಮನುಷ್ಯರನ್ನು ಸೃಷ್ಟಿಸುವುದು ಬಹಳ ಕಷ್ಟದ ಕೆಲಸ. ಬೇರೆ ಊರುಗಳ ವಿಷಯ ನನಗೆ ಗೊತ್ತಿಲ್ಲ. ಇಲ್ಲಿ ನೀವು ಮನಸ್ಸಿಗೆ ಬಂದ ಒಂದು ಹೆಸರನ್ನು ಬರೆದು, ಅದರ ಮುಂದೆ ಕದ್ರಿಯೋ ಪಡೀಲೋ ಎಂದು ಒಂದು ಜಾಗ ಸೇರಿಸಿದರೆ ಸಾಕು, ಪಕ್ಕದಲ್ಲಿ ಕೂತವರು ಕತ್ತು ಚಾಚಿ ನೋಡಿ, ಅವರಾ, ಅವರು ನಮ್ಮ ಅತ್ತಿಗೆಯ ತವರಿನ ಕಡೆಯವರಲ್ವಾ ಎನ್ನುತ್ತಾರೆ. ಪರಿಚಯವೇ ಇಲ್ಲದ ಇಬ್ಬರು ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತರೆ ಬಲ್ಮಠ ದಾಟುವುದರೊಳಗೆ ಸಂಬಂಧಿಕರಾಗಿರುತ್ತಾರೆ. ನಾನು ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುವುದು ಸಂಗೀತದ ಮೇಲಿನ ಪ್ರೀತಿಯಿಂದಲ್ಲ. ಹೆಚ್ಚಿನ ದಿನ ಅದರಲ್ಲಿ ಏನೂ ಕೇಳಿಸುತ್ತಿರುವುದಿಲ್ಲ. ಇದೇ ಕಾರಣಕ್ಕೆ ನಮ್ಮ ಮನೆ ಎಲ್ಲಿ ಎಂಬುದನ್ನು ಕೂಡ ಇಲ್ಲಿ ಹೇಳುವುದಿಲ್ಲ. ಹೇಳಿದರೆ ಇದನ್ನು ಓದಿದವರಲ್ಲಿ ಯಾರಾದರೊಬ್ಬರು ಅಮ್ಮನಿಗೆ ಫೋನು ಮಾಡುತ್ತಾರೆ.

ಇಂಥ ನನಗೆ ಸಿಕ್ಕಿದ್ದು ಇಲ್ಲದ ಮನುಷ್ಯರನ್ನು ತಯಾರಿಸುವ ಕಂಪೆನಿಯಲ್ಲಿ ಕೆಲಸ. ತಪ್ಪು ತಿಳಿಯಬೇಡಿ, ನಾವು ಮೋಸಗಾರರಲ್ಲ. ಮದುವೆ ಹಾಲ್‌ಗಳ ಬುಕಿಂಗ್ ಮತ್ತು ಊಟದ ಏರ್ಪಾಡಿಗೆ ಬೇಕಾಗುವ ಸಾಫ್ಟ್‌ವೇರ್ ಮಾಡುತ್ತೇವೆ. ಅದು ಸರಿಯಾಗಿ ನಡೆಯುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸಲು ಗಿರಾಕಿಗಳು ಬೇಕು. ನಿಜವಾದ ಗಿರಾಕಿಗಳ ಮೇಲೆ ಪ್ರಯೋಗ ಮಾಡಿದರೆ ಅವರ ಮಗಳ ಮದುವೆಯೇ ತಪ್ಪಿಹೋದೀತು. ಹಾಗಾಗಿ ಸುಳ್ಳು ಗಿರಾಕಿಗಳನ್ನು ತಯಾರಿಸಿಕೊಡಲು ಒಂದು ಸಣ್ಣ ಪ್ರೋಗ್ರಾಂ ಬರೆದಿಟ್ಟುಕೊಳ್ಳುತ್ತೇವೆ. ನಮ್ಮ ಕಸುಬಿನಲ್ಲಿ ಅದಕ್ಕೆ ಫ್ಯಾಕ್ಟರಿ ಎಂದು ಹೆಸರು. ಈ ಊರಿನವರಿಗೆ ಫ್ಯಾಕ್ಟರಿ ಎಂದರೆ ಹಂಚು, ಗೇರುಬೀಜ, ಹೆಚ್ಚೆಂದರೆ ಪಣಂಬೂರಿನ ಗೊಬ್ಬರ. ನಮ್ಮ ಫ್ಯಾಕ್ಟರಿಯಲ್ಲಿ ಆಗುವುದು ಮನುಷ್ಯರು. ಒಂದು ಕ್ಷಣದಲ್ಲಿ ಹುಟ್ಟುತ್ತಾರೆ, ಹಾಲ್ ಬುಕ್ ಮಾಡುತ್ತಾರೆ, ಊಟ ಮಾಡುತ್ತಾರೆ, ಪರೀಕ್ಷೆ ಮುಗಿದ ಕೂಡಲೇ ಇಲ್ಲವಾಗುತ್ತಾರೆ. ಅಷ್ಟು ಅಚ್ಚುಕಟ್ಟಾದ ನೆಂಟರು ನಿಜಜೀವನದಲ್ಲಿ ನನಗೆ ಯಾರೂ ಸಿಕ್ಕಿಲ್ಲ.

ನಮ್ಮಲ್ಲಿದ್ದ ಈ ಫ್ಯಾಕ್ಟರಿಯನ್ನು ಕೈಯಾರೆ ಬರೆದವರು ಶೋಭಕ್ಕ. ಆಫೀಸು ಒಂದೇ ಕೋಣೆಯಲ್ಲಿದ್ದ ಕಾಲದಿಂದಲೂ ಟೆಸ್ಟಿಂಗ್ ವಿಭಾಗದಲ್ಲಿರುವವರು. ಅವರು ತಯಾರಿಸಿದ ಸುಳ್ಳು ಗಿರಾಕಿಗಳು ಬಿಡಿಬಿಡಿ ಹೆಸರುಗಳಲ್ಲ, ಒಂದು ಇಡೀ ಕುಟುಂಬ. ಮುಖ್ಯಸ್ಥೆ ಪಡೀಲಿನ ವನಜಕ್ಕ. ಊಟಕ್ಕೆ ಇನ್ನೂರು ಜನ ಎಂದು ಬರೆಸಿ ಮುನ್ನೂರು ಜನರನ್ನು ಕರೆತರುವವರು. ಅವರ ಗಂಡ ಸೀತಾರಾಮಣ್ಣ ಪಣಂಬೂರು ಬಂದರಿನಲ್ಲಿ ಕೆಲಸಕ್ಕಿದ್ದಾರೆ. ಶಿಫ್ಟು ಯಾವಾಗ ಬದಲಾಗುತ್ತದೆಂದು ಹೇಳಲಾಗದ ಕಾರಣ ಒಂದೇ ಮುಹೂರ್ತಕ್ಕೆ ಎರಡು ಹಾಲ್ ಹಿಡಿದಿಟ್ಟು, ಕೊನೆಯ ದಿನ ಒಂದನ್ನು ಬಿಡುತ್ತಾರೆ. ವನಜಕ್ಕನ ತಮ್ಮ ಜಯಕರಣ್ಣ ದುಬೈಯಲ್ಲಿ. ಕೆಲಸ ಮುಗಿಸಿ ರೂಮಿಗೆ ಬಂದು ಅಲ್ಲಿಯ ಹನ್ನೊಂದು ಗಂಟೆಗೆ ಬುಕ್ ಮಾಡುತ್ತಾರೆ, ಆಗ ಇಲ್ಲಿ ತಾರೀಕೇ ಬದಲಾಗಿರುತ್ತದೆ. ಆಮೇಲೆ ಕಲ್ಯಾಣಿ ಅಜ್ಜಿ. ಅವರಿಗೆ ಕೊನೆಯ ಹೆಸರು, ಅಂದರೆ ಸರ್‌ನೇಮ್, ಎಂಬುದೇ ಇಲ್ಲ, ಮನೆಯ ಹೆಸರು ಮಾತ್ರ. ಇವರಲ್ಲಿ ಒಬ್ಬೊಬ್ಬರೂ ನಮ್ಮ ಸಾಫ್ಟ್‌ವೇರ್‌ನ ಒಂದೊಂದು ತಪ್ಪನ್ನು ಹಿಡಿದುಕೊಟ್ಟವರು. ಬೆಳಗಿನ ಮೀಟಿಂಗಿನಲ್ಲಿ ನಾವೆಲ್ಲ ಅವರ ಬಗ್ಗೆ ನೆರೆಮನೆಯವರ ಬಗ್ಗೆ ಮಾತಾಡಿದ ಹಾಗೇ ಮಾತಾಡುತ್ತಿದ್ದೆವು. ವನಜಕ್ಕನಿಗೆ ಇವತ್ತೂ ಕುರ್ಚಿ ಸಾಕಾಗಲಿಲ್ಲವಂತೆ. ಅಜ್ಜಿಯನ್ನು ಗೇಟಿನಲ್ಲೇ ನಿಲ್ಲಿಸಿದ್ದಾರೆ, ಯಾರಾದರೂ ನೋಡಿ ಮಾರಾಯ್ರೆ.

ಒಮ್ಮೆ ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದ ದಿನ ಅಮ್ಮ ಚಹಾ ತಂದವಳು ನನ್ನ ಹಿಂದೆಯೇ ನಿಂತಳು. ನಮ್ಮ ಮನೆಯ ಮಾತು ತುಳು. ಆಫೀಸಿನಲ್ಲೂ ಹೆಚ್ಚುಕಡಿಮೆ ಅದೇ. ಇಲ್ಲಿ ಎಲ್ಲವನ್ನೂ ಕನ್ನಡಕ್ಕೆ ತಂದು ಬರೆಯುತ್ತಿರುವುದರಿಂದ ಖಾರ ಸ್ವಲ್ಪ ಕಡಿಮೆಯಾಗಿದೆ, ಕ್ಷಮಿಸಬೇಕು. ಅಮ್ಮ ಸ್ಕ್ರೀನಿನ ಮೇಲಿದ್ದ ಹೆಸರು ಓದಿ, ಯಾವ ವನಜ, ರೈಲ್ವೆ ಬ್ರಿಜ್ಜಿನ ಆಚೆಯವಳಾ ಈಚೆಯವಳಾ ಎಂದು ಕೇಳಿದಳು. ಅಂಥವರು ಯಾರೂ ಇಲ್ಲ, ನಾವೇ ಮಾಡಿದ್ದು ಎಂದೆ. ಅಮ್ಮ ನನ್ನನ್ನು ಕನಿಕರದಿಂದ ನೋಡಿದಳು.

"ಇಲ್ಲದವಳಿಗೆ ಪಡೀಲಿನಲ್ಲಿ ಮನೆ ಎಂತಕ್ಕೆ?"

ಅಮ್ಮ ಒಳಗೆ ಹೋಗಿ ಚಿಕ್ಕಮ್ಮನಿಗೆ ಫೋನು ಮಾಡಿದಳು. ನನ್ನ ಚಹಾ ಮುಗಿಯುವುದರೊಳಗೆ ವನಜ ಸಿಕ್ಕಿದ್ದರು. ಪಡೀಲಿನಲ್ಲೇ ಮನೆ. ಗಂಡನಿಗೆ ಪಣಂಬೂರಿನಲ್ಲೇ ಕೆಲಸ. ಚಿಕ್ಕಮ್ಮನ ಓರಗಿತ್ತಿಗೆ ಏನೋ ಆಗಬೇಕು. ಆದರೆ ಬಂದರಿನಲ್ಲಲ್ಲವಂತೆ, ಗೊಬ್ಬರದ ಫ್ಯಾಕ್ಟರಿಯಲ್ಲಂತೆ, ನಿಮ್ಮ ಆಫೀಸಿನಲ್ಲಿ ತಪ್ಪು ಬರೆದಿದ್ದಾರೆ, ತಿದ್ದಿಸು ಎಂದಳು ಅಮ್ಮ. ಆಯಿತು ಎಂದೆ. ನಾನು ವಾದ ಮಾಡುವವಳಲ್ಲ. ವಾದಕ್ಕೆ ಮಾತು ಬೇಕಾಗುತ್ತದೆ.

ಮಾತು ಎಂದ ಮೇಲೆ ನನ್ನ ಜನರೇಟರಿನ ವಿಷಯಕ್ಕೆ ಬರಬೇಕು. ನಮ್ಮ ಸಾಫ್ಟ್‌ವೇರಿಗೆ ಏನಾದರೂ ಹೊಸದನ್ನು ಸೇರಿಸುವಾಗ ಒಂದೇ ಬಗೆಯ ನಾಲ್ಕಾರು ಕಡತಗಳನ್ನು ಪ್ರತಿ ಸಲವೂ ಬರೆಯಬೇಕಾಗುತ್ತಿತ್ತು. ಬೇಜಾರಿನ ಕೆಲಸ. ಅದನ್ನೆಲ್ಲ ತಾನಾಗಿಯೇ ಬರೆಯುವ ಇನ್ನೊಂದು ಪ್ರೋಗ್ರಾಂ ಮಾಡಿದರೆ ಹೇಗೆಂದು ನನಗೆ ಹೊಳೆಯಿತು. ಹೊಳೆದದ್ದನ್ನು ಯಾರಿಗೂ ಹೇಳದೆ ಮೂಲೆಯಲ್ಲಿ ಕೂತು ಮಾಡಿ ಮುಗಿಸಿದೆ. ಇದೇ ಕೋಡ್ ಜನರೇಟರ್. ಮದುವೆಗೆ ಬರುವವರ ಮಾಹಿತಿಯಲ್ಲಿ ಸಸ್ಯಾಹಾರವೋ ಮಾಂಸಾಹಾರವೋ ಎಂಬ ಒಂದು ಹೊಸ ಅಂಕಣ ಬೇಕು ಎಂದು ಅದಕ್ಕೆ ಹೇಳಿದರೆ, ಬೇಕಾದ ಕಡತಗಳನ್ನೆಲ್ಲ ಬರೆದು, ಅದಕ್ಕೆ ತಕ್ಕ ಫ್ಯಾಕ್ಟರಿಯನ್ನೂ ಕಟ್ಟಿಕೊಡುತ್ತದೆ. ನನಗೆ ಹೆಮ್ಮೆಯಾಗಿತ್ತು. ಅದು ಒಂದು ಮಾತೂ ಆಡದೆ ಬಂದು, ಹೇಳಿದ ಕೆಲಸ ಮುಗಿಸಿ, ಹೋಗಿಬಿಡುತ್ತಿತ್ತು. ನಿಮ್ಮ ಹಾಗೆಯೇ ಉಂಟು ಎಂದು ನಮ್ಮ ಟೀಮ್ ಲೀಡ್ ಪ್ರಶಾಂತ ಹೇಳಿದಾಗ ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಶೋಭಕ್ಕ ತಂಗಿಯ ಹೊಸ ಮನೆಯ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಒಂದು ವಾರ ರಜೆ ಹಾಕಿದ್ದಾಗ ಅದನ್ನು ಮೊದಲ ಬಾರಿ ಎಲ್ಲರ ಮುಂದೆ ನಡೆಸಿದೆ. ಎಲ್ಲ ಕಡತಗಳೂ ಬಂದವು. ಅಲ್ಲಿ ಮೊದಲೇ ಒಂದು ಫ್ಯಾಕ್ಟರಿ ಇದ್ದರೆ ಏನು ಮಾಡಬೇಕು ಎಂದು ನಾನು ಅದಕ್ಕೆ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡದ ವಿಷಯದಲ್ಲಿ ಯಂತ್ರಗಳು ಬಹಳ ಧೈರ್ಯವಂತರು. ಅದು ಎಲ್ಲವನ್ನೂ ಖಾಲಿ ಸೈಟು ಎಂದು ತಿಳಿದು, ಜೆಸಿಬಿ ತಂದ ಹಾಗೆ ವನಜಕ್ಕನ ಕುಟುಂಬವನ್ನು ನೆಲಸಮ ಮಾಡಿ, ಅದರ ಮೇಲೆ ತನ್ನ ಹೊಸ ಫ್ಯಾಕ್ಟರಿ ಕಟ್ಟಿತು. ಈ ಹೊಸ ಫ್ಯಾಕ್ಟರಿಯ ಮನುಷ್ಯರಿಗೆ ಹೆಸರು ಒಂದು, ಹೆಸರು ಎರಡು ಎಂದು ಹೆಸರು. ಎಲ್ಲರಿಗೂ ಕೊನೆಯ ಹೆಸರು ಉಂಟು. ಇನ್ನೂರು ಎಂದರೆ ಇನ್ನೂರೇ ಜನ ಬರುತ್ತಾರೆ. ಸಮಯಕ್ಕೆ ಸರಿಯಾಗಿ ಬರುತ್ತಾರೆ. ಒಂದು ಹಾಲ್ ಹಿಡಿದರೆ ಅದರಲ್ಲೇ ಮದುವೆಯಾಗುತ್ತಾರೆ. ಇಂಥವರಿಂದ ಯಾವ ಸಾಫ್ಟ್‌ವೇರಿಗೆ ತಾನೇ ತೊಂದರೆಯಾದೀತು? ಟೆಸ್ಟುಗಳೆಲ್ಲ ಇಡೀ ವಾರ ಹಸಿರು, ಅಂದರೆ ಎಲ್ಲೂ ತಪ್ಪಿಲ್ಲ ಎಂದು, ತೋರಿಸಿದವು. ಎಂತ ಮಾರಾಯ್ರೆ, ಒಂದು ಕೆಂಪು ಕೂಡ ಇಲ್ಲ ಎಂದು ಪ್ರಶಾಂತ ನನ್ನ ಮೇಜಿನ ಹತ್ತಿರ ಬಂದು ಹೇಳಿ ಹೋದರು. ಎಲ್ಲವೂ ಇಷ್ಟು ಸರಿಯಾಗಿದ್ದರೆ ಎಲ್ಲೋ ಏನೋ ತಪ್ಪಿದೆ ಎಂದು ಈ ಊರಿನ ಒಂದು ಮದುವೆಗೆ ಹೋದವರಿಗಾದರೂ ಅನ್ನಿಸಬೇಕಿತ್ತು. ಆದರೆ ಹೊಗಳಿಕೆ ಬಹಳ ವರ್ಷಗಳಿಗೊಮ್ಮೆ ಸಿಗುವ ವಸ್ತು.

ಸೋಮವಾರ ಶೋಭಕ್ಕ ಬಂದರು. ಕಂಪ್ಯೂಟರ್ ತೆರೆದರು. ಸ್ವಲ್ಪ ಹೊತ್ತು ನೋಡಿದರು.

"ವನಜಕ್ಕ ಎಲ್ಲಿ?"

ಎಲ್ಲರೂ ತಂತಮ್ಮ ಸ್ಕ್ರೀನಿಗೆ ಬಗ್ಗಿದರು. ಕೊನೆಗೆ ನಡೆದದ್ದನ್ನು ಹೇಳಿದೆ. ಹಳೆಯ ಪ್ರತಿ ನಮ್ಮಲ್ಲಿ ಭದ್ರವಾಗಿಯೇ ಇರುತ್ತದೆ, ಒಂದು ನಿಮಿಷದಲ್ಲಿ ಎಲ್ಲರನ್ನೂ ವಾಪಸು ತಂದೆ. ಹಾಗೆ ತಂದದ್ದೇ ಕೆಂಪು ಗುರುತುಗಳು ಸಾಲಾಗಿ ಬಂದವು. ಆ ವಾರ ನಾವು ಮಾಡಿದ ಬದಲಾವಣೆಯಿಂದ ಜಯಕರಣ್ಣನ ಮೆಹಂದಿ ಮದುವೆಯ ಮರುದಿನಕ್ಕೆ ಹೋಗಿ ಕೂತಿತ್ತು. ಅದನ್ನು ಸರಿಪಡಿಸುತ್ತಿರುವಾಗಲೇ ಆಚೆ ಮೇಜಿನಲ್ಲಿ ಯಾರೋ ನನ್ನ ಜನರೇಟರ್ ಇನ್ನೊಮ್ಮೆ ನಡೆಸಿದರು. ಕುಟುಂಬ ಮತ್ತೆ ನಿರ್ನಾಮವಾಯಿತು.

ಶೋಭಕ್ಕ ಬೈಯಲಿಲ್ಲ. ಅವರು ನನ್ನ ಕಡೆ ತಿರುಗಿ, "ನಿಮ್ಮ ಜನರೇಟರ್ ತುಂಬ ಚೆನ್ನಾಗಿದೆ. ದಯವಿಟ್ಟು ಮುಂದುವರಿಸಿ" ಎಂದರು. ಕನ್ನಡದಲ್ಲಿ. ನೀವು ಎಂದು ಕರೆದು. ಅದೂ ನಮ್ಮ ಕಡೆಯ ಹಾಗೆ ಲಾಯ್ಕುಂಟು ಎನ್ನಲಿಲ್ಲ, ಚೆನ್ನಾಗಿದೆ ಎಂದರು. ಹೊರಗಿನವರಿಗೆ ಇದರ ಪೆಟ್ಟು ಎಲ್ಲಿ ಬಿತ್ತೆಂದು ತಿಳಿಯದಿರಬಹುದು. ಸೇರಿದ ದಿನದಿಂದ ನನ್ನೊಡನೆ ತುಳುವಿನಲ್ಲಿ, ಮನೆಯ ಹುಡುಗಿಯೊಡನೆ ಆಡುವ ಹಾಗೆ ಮಾತಾಡುತ್ತಿದ್ದವರು ಒಂದು ಬೆಳಿಗ್ಗೆ ಕನ್ನಡಕ್ಕೆ ತಿರುಗಿದರೆಂದರೆ, ನಿಮ್ಮನ್ನು ಅಡುಗೆಮನೆಯಿಂದ ಎಬ್ಬಿಸಿ ಹೊರಗಿನ ಚಾವಡಿಯ ಕುರ್ಚಿಯಲ್ಲಿ ಕೂರಿಸಿದ್ದಾರೆ ಎಂದು ಅರ್ಥ. ಕನ್ನಡ ನಾವು ಬ್ಯಾಂಕಿನಲ್ಲಿ, ಭಾಷಣದಲ್ಲಿ, ಇಂಥ ಬರಹಗಳಲ್ಲಿ ಬಳಸುವುದು. ಅದು ಎಷ್ಟು ಮರ್ಯಾದೆಯ ಭಾಷೆ ಎಂದು ನನಗೆ ಗೊತ್ತಾದದ್ದೇ ಆ ವಾರ. ಮಧ್ಯಾಹ್ನ ಅವರು ತಮ್ಮ ಡಬ್ಬಿ ತೆರೆದು, "ನಿಮಗೆ ಮೀನು ಬೇಕೇ?" ಎಂದು ಕೇಳಿದರು. ಅಲ್ಲಿಯವರೆಗೆ ಅವರು ಕೇಳಿದ್ದೇ ಇಲ್ಲ. ಬಂಗುಡೆ ಪುಳಿಮುಂಚಿಯ ಒಂದು ತುಂಡು ತಾನಾಗಿ ನನ್ನ ಅನ್ನದ ಮೇಲೆ ಬಂದು ಬೀಳುತ್ತಿತ್ತು. ಹಾಗೆ ಕೇಳಿದರೆ ಬೇಕು ಎನ್ನುವುದು ಹೇಗೆ? ಬೇಡ ಎಂದೆ. ಬೇಡ ಎಂದದ್ದಕ್ಕೆ ಸಂಜೆಯವರೆಗೂ ದುಃಖಪಟ್ಟೆ.

ಹಾಗಾಗಿ ನಾನು ಜನರೇಟರನ್ನು ಸರಿಪಡಿಸಲು ಕೂತದ್ದು ಕಂಪೆನಿಯ ಹಿತಕ್ಕಾಗಿ ಎಂದು ಪ್ರಶಾಂತರಿಗೆ ಬರೆದು ತಿಳಿಸಿದ್ದರೂ, ನಿಜವಾಗಿ ಕೂತದ್ದು ತುಳುವಿಗೆ ವಾಪಸು ಹೋಗಲು. ಬಂಗುಡೆ ಇದರಲ್ಲೇ ಸೇರಿದೆ.

ಮೊದಲು ಸುಲಭದ ದಾರಿ ಹಿಡಿದೆ. ಫ್ಯಾಕ್ಟರಿ ಮೊದಲೇ ಇದ್ದರೆ ಅದನ್ನು ಮುಟ್ಟಬೇಡ, ನಿಲ್ಲಿಸು ಎಂದು ಜನರೇಟರಿಗೆ ಹೇಳಿದೆ. ಅದು ಅಕ್ಷರಶಃ ನಿಲ್ಲಿಸಿತು. ಉಳಿದ ಕಡತಗಳನ್ನೂ ಬರೆಯದೆ, ಅರ್ಧ ಕೆಲಸವನ್ನು ಅಲ್ಲೇ ಬಿಟ್ಟು ಹೊರಟುಹೋಯಿತು. ಬಾಗಿಲಲ್ಲಿ ಬೇರೆಯವರ ಚಪ್ಪಲಿ ಕಂಡು, ಒಳಗೆ ಯಾರೋ ಇದ್ದಾರೆಂದು ಗೇಟಿನಿಂದಲೇ ಹಿಂದೆ ಹೋಗುವ ನೆಂಟರ ಹಾಗೆ. ಇಂಥ ನೆಂಟರನ್ನು ನಾನು ಚೆನ್ನಾಗಿ ಬಲ್ಲೆ, ಏಕೆಂದರೆ ನಾನೇ ಎರಡು ಮೂರು ಮನೆಗಳಿಂದ ಹಾಗೆ ಹಿಂದೆ ಬಂದಿದ್ದೇನೆ. ಮರುದಿನ ಬೇರೆ ಉಪಾಯ ಮಾಡಿದೆ. ಹಳೆಯದು ಇದ್ದರೆ ಇರಲಿ, ನಿನ್ನದನ್ನು ಪಕ್ಕದಲ್ಲಿ ಬೇರೆ ಹೆಸರಿನಲ್ಲಿ ಇಡು ಎಂದೆ. ಈಗ ಫ್ಯಾಕ್ಟರಿಗಳು ಎರಡಾದವು. ಕೆಲವು ಟೆಸ್ಟುಗಳು ಶೋಭಕ್ಕನ ಫ್ಯಾಕ್ಟರಿಯಿಂದ ಗಿರಾಕಿಗಳನ್ನು ತಂದರೆ ಕೆಲವು ನನ್ನದರಿಂದ ತಂದವು. ಒಂದೇ ಹಾಲ್‌ಗೆ, ಒಂದೇ ಮುಹೂರ್ತಕ್ಕೆ ವನಜಕ್ಕನೂ ಹೆಸರು ಒಂದು ಎಂಬವರೂ ತಂತಮ್ಮ ದಿಬ್ಬಣ ತಂದರು. ಊಟದ ಹಾಲ್‌ನ ಬಾಗಿಲಲ್ಲಿ ಏನಾಯಿತೆಂದು ಸಾಫ್ಟ್‌ವೇರ್ ಸ್ಪಷ್ಟವಾಗಿ ಹೇಳಲಿಲ್ಲ, ಆದರೆ ಸ್ಕ್ರೀನು ಪೂರ್ತಿ ಕೆಂಪಾಯಿತು. ಶೋಭಕ್ಕ ನನ್ನ ಹಿಂದಿನಿಂದ ಹಾದುಹೋಗುತ್ತಾ, "ಪ್ರಯತ್ನ ಶ್ಲಾಘನೀಯ" ಎಂದರು. ಶ್ಲಾಘನೀಯ! ಅವರ ಕನ್ನಡ ದಿನದಿಂದ ದಿನಕ್ಕೆ ಸುಧಾರಿಸುತ್ತಿರುವುದು ನೋಡಿ ನನಗೆ ಭಯವಾಗತೊಡಗಿತು. ಇನ್ನೊಂದು ವಾರ ಬಿಟ್ಟರೆ ಸ್ವಾಗತ ಭಾಷಣ ಮಾಡಿ ನನ್ನನ್ನು ಊಟಕ್ಕೆ ಕರೆಯುವ ಹಾಗಿತ್ತು.

ಉಳಿದದ್ದು ಕಷ್ಟದ ದಾರಿ. ಅಲ್ಲಿ ಯಾರಿದ್ದಾರೆಂದು ಮೊದಲು ಓದಬೇಕು, ಇದ್ದವರನ್ನು ಇದ್ದ ಹಾಗೆಯೇ ಬಿಡಬೇಕು, ಇಲ್ಲದ್ದನ್ನು ಮಾತ್ರ ಸೇರಿಸಬೇಕು. ಇದನ್ನು ಬರೆದೆ. ನಡೆಸಿದರೆ ಎಲ್ಲರೂ ಉಳಿದಿದ್ದರು, ಆದರೆ ನನ್ನ ಜನರೇಟರ್ ಅವರನ್ನು ಅಕ್ಷರಮಾಲೆಯ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿತ್ತು. ಶೋಭಕ್ಕನ ಫ್ಯಾಕ್ಟರಿಯಲ್ಲಿ ಹಿರಿತನದ ಕ್ರಮ. ಅಜ್ಜಿ ಮೊದಲು, ಆಮೇಲೆ ವನಜಕ್ಕ, ಮಕ್ಕಳೆಲ್ಲ ಕೊನೆಗೆ. ಈಗ ವನಜಕ್ಕನ ಮೊಮ್ಮಗು ಅಜ್ಜಿಗಿಂತ ಮುಂದೆ ಕೂತಿತ್ತು. ಅದಲ್ಲದೆ ಒಬ್ಬೊಬ್ಬರ ಹೆಸರಿನ ಮೇಲೂ ಶೋಭಕ್ಕ ಒಂದೆರಡು ಸಾಲು ಟಿಪ್ಪಣಿ ಬರೆದಿಟ್ಟಿದ್ದರು, ಇವರಿಗೆ ಎರಡನೇ ಪಂಕ್ತಿ ಆಗುವುದಿಲ್ಲ, ಸಕ್ಕರೆ ಕಾಯಿಲೆ ಎಂಬಂಥವು. ಯಂತ್ರಕ್ಕೆ ಅವು ಬೇಡದ ಸಾಲುಗಳು, ಉದುರಿಸಿಬಿಟ್ಟಿತ್ತು. ಹಾಗಾಗಿ ಮತ್ತೆ ಹೇಳಿಕೊಟ್ಟೆ. ಬರೆದದ್ದನ್ನೆಲ್ಲ ಉಳಿಸು. ಹೊಸದಾಗಿ ಬಂದವರು ಯಾರೇ ಇರಲಿ, ಪಂಕ್ತಿಯ ಕೊನೆಗೆ ಕೂತುಕೊಳ್ಳಲಿ.

ಇಷ್ಟಾದರೂ ಒಂದು ತೊಡಕು ಉಳಿಯಿತು. ಇರುವುದನ್ನೇ ಬದಲಾಯಿಸಬೇಕಾಗಿ ಬಂದರೆ? ಎಷ್ಟು ಯೋಚಿಸಿದರೂ ಅದಕ್ಕೆ ಒಂದೇ ದಾರಿ ಕಂಡಿತು. ಕೇಳಬೇಕು. ಇದು ಮನುಷ್ಯರು ಬರೆದದ್ದು, ಖಂಡಿತವಾಗಿ ಬದಲಾಯಿಸಬೇಕೆ ಎಂದು ಯಂತ್ರ ನಿಂತು ಕೇಳಬೇಕು, ಉತ್ತರಕ್ಕೆ ಕಾಯಬೇಕು. ಆ ಪ್ರಶ್ನೆಯನ್ನು ಟೈಪ್ ಮಾಡುವಾಗ ನನ್ನ ಬೆರಳುಗಳಿಗೆ ನಾಚಿಕೆಯಾಯಿತು. ಗೊತ್ತಿಲ್ಲದ ಬೀದಿಯಲ್ಲಿ ಆಟೋದವರನ್ನು ದಾರಿ ಕೇಳುವ ಬದಲು ಎರಡು ಸುತ್ತು ಹೆಚ್ಚು ನಡೆಯುವವಳು ನಾನು. ಈ ಜನರೇಟರ್ ಮಾಡುವ ಮೊದಲು ನನ್ನ ಮೇಜಿನಿಂದ ಶೋಭಕ್ಕನ ಮೇಜಿಗೆ ಹೋಗಿ, ನಿಮ್ಮ ಫ್ಯಾಕ್ಟರಿಯಲ್ಲಿ ಎಂತೆಲ್ಲ ಉಂಟು ಎಂದು ಕೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ನಡುವೆ ಇದ್ದದ್ದು ಒಂದು ನೀರಿನ ಕ್ಯಾನು ಮಾತ್ರ. ನನಗೆ ಬಾರದ ವಿದ್ಯೆಯನ್ನು ಈಗ ಯಂತ್ರಕ್ಕೆ ಕಲಿಸುತ್ತಿದ್ದೆ, ಅದೂ ನನ್ನಷ್ಟೇ ಒರಟಾದ ಯಂತ್ರಕ್ಕೆ.

ಕೆಲಸ ಮುಗಿದ ಮೇಲೆ ನೀರಿನ ಕ್ಯಾನು ದಾಟಿ ಹೋಗಿ, ಒಮ್ಮೆ ನೀವೇ ನಡೆಸಿ ನೋಡುತ್ತೀರಾ ಎಂದು ಶೋಭಕ್ಕನನ್ನು ಕೇಳಿದೆ. ಅವರು ಕನ್ನಡಕ ಹಾಕಿಕೊಂಡು ಜನರೇಟರ್ ನಡೆಸಿದರು. ಆಮೇಲೆ ತಮ್ಮ ಕುಟುಂಬವನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು, ಊರಿಂದ ಬಹಳ ದಿನದ ಮೇಲೆ ಬಂದವರು ಮಕ್ಕಳ ತಲೆ ಮುಟ್ಟಿ ನೋಡುವ ಹಾಗೆ. ಅಜ್ಜಿ ಇದ್ದರು. ಸಕ್ಕರೆ ಕಾಯಿಲೆಯ ಟಿಪ್ಪಣಿ ಇತ್ತು. ಎರಡೂ ಹಾಲ್ ಹಿಡಿದುಕೊಂಡು ಸೀತಾರಾಮಣ್ಣ ಇದ್ದರು. ಎಲ್ಲರ ಕೊನೆಗೆ, ಯಾರಿಗೂ ತಾಗದ ಹಾಗೆ, ಹೊಸ ಅಂಕಣ ಬಂದು ಕೂತಿತ್ತು. ಶೋಭಕ್ಕ ಕನ್ನಡಕ ತೆಗೆದರು, ಡಬ್ಬಿಯ ಚೀಲ ಎತ್ತಿಕೊಂಡರು, ಎರಡು ಹೆಜ್ಜೆ ನಡೆದು ತಿರುಗಿ ನೋಡಿದರು.

"ಒಣಸ್‌ಗ್ ಬಲ."

ಊಟಕ್ಕೆ ಬಾ ಎಂದದ್ದು. ಬನ್ನಿ ಅಲ್ಲ, ಬಾ. ಆ ಮಧ್ಯಾಹ್ನ ಬಂಗುಡೆಯ ತುಂಡು ಕೇಳದೆಯೇ ನನ್ನ ಅನ್ನದ ಮೇಲೆ ಬಿತ್ತು. ತಲೆಯ ಭಾಗ, ಮುಳ್ಳೇ ಹೆಚ್ಚು. ಕ್ಷಮೆ ಪೂರ್ತಿಯಾಗಲು ಇನ್ನೂ ಸ್ವಲ್ಪ ಸಮಯ ಉಂಟು ಎಂದು ತಿಳಿದುಕೊಂಡೆ.

ಆ ಸಮಯ ಹೇಗೆ ಕಳೆಯಲಿದೆ ಎಂದು ಮುಂದಿನ ವಾರ ಗೊತ್ತಾಯಿತು. ಬೆಳಗಿನ ಮೀಟಿಂಗಿನಲ್ಲಿ ಪ್ರಶಾಂತರು, ಸುಪ್ರೀತಾ ಎಂಬವಳಿಂದಾಗಿ ಒಂದು ಟೆಸ್ಟ್ ಕೆಂಪಾಗಿದೆ, ಯಾರವಳು ಎಂದು ಕೇಳಿದರು. ಶೋಭಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದರು. ಫ್ಯಾಕ್ಟರಿ ತೆರೆದು ನೋಡಿದೆ. ಪಂಕ್ತಿಯ ಕೊನೆಯಲ್ಲಿ ಒಬ್ಬಳು ಹೊಸಬಳು ಕೂತಿದ್ದಳು. ವನಜಕ್ಕನ ತಂಗಿಯ ಮಗಳು ಸುಪ್ರೀತಾ, ತುಂಬ ಓದಿದವಳು. ಮದುವೆಗೆ ಬರುತ್ತೀಯಾ ಎಂದು ಕೇಳಿದರೆ ಹೌದೆಂದೂ ಹೇಳುವುದಿಲ್ಲ, ಇಲ್ಲವೆಂದೂ ಹೇಳುವುದಿಲ್ಲ. ಸಮಯಕ್ಕೆ ಸರಿಯಾಗಿ ಬಂದು ಮೊದಲ ಪಂಕ್ತಿಯ ಮೂಲೆಯಲ್ಲಿ ಕೂತು ಊಟ ಮಾಡುತ್ತಾಳೆ. ಫೋಟೋಕ್ಕೆ ನಿಲ್ಲುವುದಿಲ್ಲ. ಯಾರಿಗೂ ಹೇಳದೆ ಹಿಂದಿನ ಬಾಗಿಲಿನಿಂದ ಹೋಗುತ್ತಾಳೆ. ಹೀಗೆ ಬಂದದ್ದೂ ಹೋದದ್ದೂ ಲೆಕ್ಕಕ್ಕೆ ಸಿಗದ ಕಾರಣ ಬಂದವರಿಗಿಂತ ಬಾಳೆಲೆ ಒಂದು ಹೆಚ್ಚು ಖರ್ಚಾಗಿ, ನಮ್ಮ ಸಾಫ್ಟ್‌ವೇರ್ ತಬ್ಬಿಬ್ಬಾಗಿತ್ತು. ನಿಜವಾದ ತಪ್ಪು. ಯಾರೂ ಅದುವರೆಗೆ ಕಂಡುಹಿಡಿಯದ ತಪ್ಪು. ನನ್ನ ಹೆಸರು ಎಲ್ಲೂ ಇರಲಿಲ್ಲ, ಶೋಭಕ್ಕ ಅಷ್ಟು ನೇರ ಮನುಷ್ಯರಲ್ಲ. ಮೇಲಿನ ಟಿಪ್ಪಣಿಯಲ್ಲಿ ಮಾತ್ರ ಬರೆದಿತ್ತು: ಇವಳನ್ನು ಯಾರೂ ಅಳಿಸಬಾರದು, ಪಾಪದವಳು.

ಅಳಿಸುವುದೇನೂ ಕಷ್ಟವಿರಲಿಲ್ಲ. ಎಲ್ಲರೂ ಚಹಾಕ್ಕೆ ಹೋಗಿದ್ದಾಗ ಜನರೇಟರಿಗೆ ಹೇಳಿಯೂ ನೋಡಿದೆ. ಅದು ನಿಂತು, ನಾನೇ ಕಲಿಸಿದ ವಿನಯದಿಂದ, ಇದು ಮನುಷ್ಯರು ಬರೆದದ್ದು, ಖಂಡಿತವಾಗಿ ಬದಲಾಯಿಸಬೇಕೆ ಎಂದು ಕೇಳಿತು. ಉತ್ತರಕ್ಕೆ ಕಾಯುತ್ತಾ ಕೂತಿತು. ಅಷ್ಟು ಮರ್ಯಾದೆಯಿಂದ ಕೇಳಿದರೆ ನಾನು ಯಾವಾಗಲೂ ಹೇಳುವುದನ್ನೇ ಹೇಳಿದೆ. ಬೇಡ.

ಈಗ ಸುಪ್ರೀತಾ ಇವತ್ತೂ ಹೇಳದೆ ಹೋದಳಂತೆ ಎಂದು ಮೀಟಿಂಗಿನಲ್ಲಿ ಯಾರಾದರೂ ಹೇಳುವುದು, ಎಲ್ಲರೂ ನನ್ನನ್ನು ಬಿಟ್ಟು ಬೇರೆಲ್ಲ ಕಡೆ ನೋಡುವುದು ರೂಢಿಯಾಗಿದೆ. ಅದಕ್ಕೆ ಒಗ್ಗಿಕೊಂಡಿದ್ದೆ. ಆದರೆ ಮೊನ್ನೆ ಮನೆಯಲ್ಲಿ ಕೂತು ಆ ಬಾಳೆಲೆಯ ತಪ್ಪನ್ನು ಸರಿಪಡಿಸುತ್ತಿದ್ದಾಗ ಅಮ್ಮ ಚಹಾ ತಂದಳು. ಲೋಟ ಇಟ್ಟವಳು ಹೋಗಲಿಲ್ಲ. ಇದು ಯಾರು ಹೊಸಬಳು ಎಂದು ಕೇಳಿದಳು. ಇವಳೂ ಇಲ್ಲದವಳು ಎಂದೆ. ಅಮ್ಮ ಸ್ಕ್ರೀನಿಗೆ ಬಗ್ಗಿ, ಮೊದಲ ಪಂಕ್ತಿಯ ಮೂಲೆಯಿಂದ ಹಿಂದಿನ ಬಾಗಿಲಿನವರೆಗೆ ಎಲ್ಲವನ್ನೂ ನಿಧಾನವಾಗಿ ಓದಿದಳು. ಮನೆ ಎಲ್ಲಿ ಎಂದು ಕೇಳುತ್ತಾಳೆಂದು ಕಾದೆ. ಕೇಳಲಿಲ್ಲ.

"ಇವಳ ಅಮ್ಮನದ್ದು ಎಂತ ಅವಸ್ಥೆಯೋ, ಪಾಪ" ಎಂದು ಹೇಳಿ ಒಳಗೆ ಹೋದಳು.

ಚಿಕ್ಕಮ್ಮನಿಗೆ ಫೋನು ಮಾಡುವ ಸದ್ದಿಗಾಗಿ ಬಹಳ ಹೊತ್ತು ಕಿವಿಗೊಟ್ಟು ಕೂತೆ. ಚಹಾ ತಣ್ಣಗಾಯಿತು. ಈ ಊರಿನಲ್ಲಿ ಮೊದಲ ಬಾರಿಗೆ, ಒಬ್ಬಳು ಯಾರ ಮನೆಯವಳು ಎಂದು ವಿಚಾರಿಸುವ ಅಗತ್ಯ ಅಮ್ಮನಿಗೆ ಕಾಣಲಿಲ್ಲ.